ಹೋಮ್ ಡಿಪೋ, ಲೋವ್ಸ್ ಗಾರ್ಡನ್ ಸೆಂಟರಲ್ಲಿ ಗಿಡ ಆರಿಸೋದು ಹೇಗೆ: ಅಮೆರಿಕದಲ್ಲಿರೋ ಕನ್ನಡದವರಿಗೆ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಬಂತು ಅಂದ್ರೆ ಇಲ್ಲಿರೋ ನಮ್ಮವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಗಿಡದ್ದೇ ಮಾತು. ಹೋದ ವರ್ಷ ತಂದ ಮಲ್ಲಿಗೆ ಒಣಗೋಯ್ತು, ಟೊಮ್ಯಾಟೊ ಹಳದಿ ಆಗೋಯ್ತು, ನಮ್ಮ ಕೈಗುಣಾನೇ ಸರಿ ಇಲ್ಲ ಅನ್ನಿಸತ್ತೆ ಅಂತ ಎಷ್ಟೊಂದು ಜನ ಬರೀತಾರೆ. ದಯವಿಟ್ಟು ಕೈಗುಣದ ಮಾತು ಬಿಟ್ಬಿಡಿ. ಗಿಡ ಸಾಯೋದು ನಿಮ್ಮ ಹಿತ್ತಲಲ್ಲಾದ್ರೂ ಸುಮಾರು ಸಲ ಅದರ ಹಣೆಬರಹ ಸ್ಟೋರಲ್ಲೇ ತೀರ್ಮಾನ ಆಗೋಗಿರತ್ತೆ, ಯಾಕಂದ್ರೆ ಶನಿವಾರದ ಆ ನೂಕುನುಗ್ಗಲಲ್ಲಿ ನಾವು ಹೂವು ನೋಡಿ ಕಾರ್ಟಿಗೆ ಹಾಕ್ಕೊಂಡು ಬಂದಿರ್ತೀವಿ, ಬೇರು ನೋಡಿರಲ್ಲ, ಟ್ಯಾಗ್ ಓದಿರಲ್ಲ. ನಾನಿರೋದು ಶಿಕಾಗೊ ಕಡೆ, ಹಾಗಾಗಿ ಉದಾಹರಣೆಗಳು ಸ್ವಲ್ಪ ಚಳಿ ಊರಿನವು, ಆದ್ರೆ ಟೆಕ್ಸಸ್, ಕ್ಯಾಲಿಫೋರ್ನಿಯಾದವರಿಗೂ ಮುಕ್ಕಾಲು ಪಾಲು ಇದೇ ಅನ್ವಯ ಆಗತ್ತೆ.

ಮನೆ ಬಿಡೋ ಮುಂಚೆ

ಮೊದಲನೇದು ನಿಮ್ಮ ಝೋನ್, ಅಂದ್ರೆ ನಿಮ್ಮೂರಲ್ಲಿ ಚಳಿ ಎಷ್ಟು ಅಂತ ಹೇಳೋ ನಂಬರ್, ಯಾವ್ದು ಅಂತ ತಿಳ್ಕೊಳ್ಳಿ. ಯುಎಸ್‌ಡಿಎ, ಅಂದ್ರೆ ಅಮೆರಿಕದ ಕೃಷಿ ಇಲಾಖೆ, ವೆಬ್‌ಸೈಟಲ್ಲಿ ಜಿಪ್ ಕೋಡ್ ಹಾಕಿದ್ರೆ ಒಂದು ಸೆಕೆಂಡಲ್ಲಿ ಬರತ್ತೆ. ಒಟ್ಟು 13 ಝೋನ್, ಒಂದೊಂದಕ್ಕೂ 10 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ, ಅದ್ರೊಳಗೆ ಎ ಮತ್ತು ಬಿ ಅಂತ ಅರ್ಧರ್ಧ. 2012ರ ಮ್ಯಾಪನ್ನ 2023ರ ನವೆಂಬರಲ್ಲಿ ಹೊಸದು ಮಾಡಿದಾರೆ, ದೇಶದ ಸುಮಾರು ಅರ್ಧ ಭಾಗ ಅರ್ಧ ಝೋನ್ ಬೆಚ್ಚಗಿನ ಕಡೆಗೆ ಜರುಗಿದೆ, ಹಾಗಾಗಿ ಮೊದಲು ನೋಡಿಟ್ಕೊಂಡಿದ್ದ ನಂಬರ್ ಇದ್ರೆ ಇನ್ನೊಂದ್ಸಲ ನೋಡಿ. ಆದ್ರೆ ಒಂದು ವಿಷಯ ನೆನಪಿರಲಿ, ಝೋನ್ ಅನ್ನೋದು ಚಳಿಗಾಲದ ಅತಿ ಕಡಿಮೆ ಟೆಂಪರೇಚರ್ ಲೆಕ್ಕ ಮಾತ್ರ. ಬೇಸಿಗೆ ಎಷ್ಟು ಬಿಸಿ ಅಂತ ಅದು ಹೇಳಲ್ಲ. ಸಿಯಾಟಲ್ ಮತ್ತೆ ಡಲ್ಲಾಸ್ ಝೋನ್ ನಂಬರಲ್ಲಿ ಅಕ್ಕಪಕ್ಕ, ಬೇಸಿಗೆ ಮಾತ್ರ ಅಜಗಜಾಂತರ.

ಎರಡನೇದು ಕೊನೇ ಫ್ರಾಸ್ಟ್, ಅಂದ್ರೆ ಗಿಡ ಸುಡೋ ಹಾಗೆ ರಾತ್ರಿ ಹಿಮ ಕಟ್ಟೋದು, ಯಾವಾಗ ಅನ್ನೋದು. ಇದು ಝೋನಿಗಿಂತ ಬೇರೆ ಲೆಕ್ಕ, ತರಕಾರಿ ಹಾಕೋರಿಗೆ ಇದೇ ಮುಖ್ಯ. ನಮ್ಮ ಕಡೆ ಮೇ ಮಧ್ಯದವರೆಗೂ ಭಯ ಇದ್ದಿದ್ದೇ, ಅದಕ್ಕೇ ಇಲ್ಲಿನ ಹಳಬರು ಮದರ್ಸ್ ಡೇ, ಅಂದ್ರೆ ಮೇ ಎರಡನೇ ಭಾನುವಾರ, ಮುಗೀಲಿ ಆಮೇಲೆ ಟೊಮ್ಯಾಟೊ ನೆಡಿ ಅಂತಾರೆ. ಸ್ಟೋರಿನವರು ಅಷ್ಟು ದಿನ ಕಾಯಲ್ಲ, ಏಪ್ರಿಲಲ್ಲೇ ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಬೇಸಿಲ್ ಎಲ್ಲಾ ಸಾಲಾಗಿ ಜೋಡಿಸಿಟ್ಟಿರ್ತಾರೆ. ಸ್ಟೋರಲ್ಲಿ ಇಟ್ಟಿದಾರೆ ಅಂದ್ರೆ ನೆಡೋ ಟೈಮ್ ಬಂತು ಅಂತಲ್ಲ. ರಾತ್ರಿ ಟೆಂಪರೇಚರ್ 50 ಡಿಗ್ರಿ ಮೇಲೆ ನಿಲ್ಲೋವರೆಗೂ ಈ ಗಿಡಗಳಿಗೆ ನಿಮ್ಮ ಹಿತ್ತಲು ಬೇಡ. ತಂದ್ರೂ ಗರಾಜ್ ಒಳಗೆ ಹೊರಗೆ ಓಡಾಡಿಸ್ತಾ ಇರಬೇಕಾಗತ್ತೆ.

ಮೂರನೇದು ಬಿಸಿಲು. ಒಂದು ರಜಾ ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಜಾಗದ ಒಂದೊಂದು ಫೋಟೋ ತೆಗೀರಿ. ಟ್ಯಾಗಲ್ಲಿ ಫುಲ್ ಸನ್ ಅಂದ್ರೆ ದಿನಕ್ಕೆ ಕಮ್ಮಿ ಅಂದ್ರೂ 6 ಗಂಟೆ ನೇರ ಬಿಸಿಲು. ಪಾರ್ಟ್ ಸನ್, ಪಾರ್ಟ್ ಶೇಡ್ ಅಂದ್ರೆ ಸುಮಾರು 4ರಿಂದ 6 ಗಂಟೆ. ಡೆಕ್ ಮೇಲೆ ಬೆಳಕು ಚೆನ್ನಾಗಿದೆ ಅನ್ನೋದು ಬೇರೆ, ನೇರ ಬಿಸಿಲು ಬೇರೆ. ಟೌನ್‌ಹೋಮಲ್ಲಿ ಇರೋರು ಇದನ್ನ ತಪ್ಪದೆ ಮಾಡಿ, ಪಕ್ಕದ ಯೂನಿಟ್ ನೆರಳು ಎಷ್ಟು ಬೀಳತ್ತೆ ಅಂತ ಫೋಟೋ ನೋಡಿದಾಗ್ಲೇ ಗೊತ್ತಾಗೋದು. ಹೆಚ್‌ಒಎ, ಅಂದ್ರೆ ಮನೆ ಮಾಲೀಕರ ಸಂಘ, ಇದ್ರೆ ಮನೆ ಮುಂದೆ ಏನು ನೆಡಬಹುದು ಅನ್ನೋ ರೂಲ್ಸ್ ಕೂಡ ಒಂದ್ಸಲ ಓದ್ಕೊಳ್ಳಿ.

ಇಷ್ಟನ್ನೂ ಫೋನಲ್ಲಿ ಬರ್ಕೊಂಡು ಯಾವ ಗಿಡ ಎಷ್ಟು ಅಂತ ಪಟ್ಟಿ ಮಾಡಿ. ಇಬ್ಬರಿರೋ ಮನೆಗೆ ಟೊಮ್ಯಾಟೊ ಮೂರು ಗಿಡ ಧಾರಾಳವಾಯ್ತು.

ಯಾವ ಹೊತ್ತಿಗೆ ಹೋಗೋದು

ಶನಿವಾರ ಭಾನುವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಆದಷ್ಟು ಹೋಗ್ಬೇಡಿ. ಪಾರ್ಕಿಂಗ್ ಇರಲ್ಲ, ಫ್ಲಾಟ್ ಕಾರ್ಟ್ ಸಿಗಲ್ಲ, ಕೇಳೋಣ ಅಂದ್ರೆ ಕೆಲಸದವರು ಕೈಗೆ ಸಿಗಲ್ಲ, ಹಿಂದೆ ಒಬ್ರು ಮಲ್ಚ್ ತುಂಬಿದ ಕಾರ್ಟ್ ಇಟ್ಕೊಂಡು ನಿಂತಿರ್ತಾರೆ ಅನ್ನೋ ಗಡಿಬಿಡಿಗೆ ಕೈಗೆ ಸಿಕ್ಕಿದ್ದನ್ನ ಎತ್ಕೊಂಡು ಬಂದ್ಬಿಡ್ತೀವಿ. ವಾರದ ನಡುವೆ ಬೆಳಿಗ್ಗೆ ಸ್ಟೋರ್ ತೆಗೆದ ಹೊತ್ತಲ್ಲಿ ಹೋಗಿ, ಇಲ್ಲಾಂದ್ರೆ ಜಿಟಿಜಿಟಿ ಮಳೆ ಬರೋ ದಿನ ಹೋಗಿ, ಹೊರಗಡೆ ಅಂಗಳ ಖಾಲಿ ಇರತ್ತೆ. ವೀಕೆಂಡ್ ವ್ಯಾಪಾರಕ್ಕೆ ಅಂತ ವಾರದ ಕೊನೆ ಕಡೆ ಹೊಸ ಲೋಡ್ ಬರೋದು ಜಾಸ್ತಿ, ಯಾವ ದಿನ ಅಂತ ನಿಮ್ಮ ಸ್ಟೋರಲ್ಲೇ ಕೇಳಿ, ಸಂತೋಷವಾಗಿ ಹೇಳ್ತಾರೆ. ಗಾರ್ಡನ್ ಸೆಂಟರಿಗೆ ಬೇರೆ ಬಾಗಿಲು, ಬೇರೆ ಬಿಲ್ಲಿಂಗ್ ಕೌಂಟರ್ ಇರತ್ತೆ, ಕಾರನ್ನ ಆ ಕಡೆನೇ ನಿಲ್ಲಿಸಿ.

ಅಲ್ಲಿ ಗಿಡ ಇಳಿಸ್ತಾ, ನೀರು ಹಾಕ್ತಾ ಇರೋರೆಲ್ಲಾ ಸ್ಟೋರಿನ ಕೆಲಸದವರೇ ಅಲ್ಲ, ಎಷ್ಟೋ ಸಲ ಗಿಡ ಬೆಳೆದು ಕಳಿಸೋ ನರ್ಸರಿ ಕಂಪನಿಯವರು. ಈ ದೊಡ್ಡ ಸ್ಟೋರ್‌ಗಳಲ್ಲಿ ಸುಮಾರು ಗಿಡಗಳಿಗೆ ಪೇ ಬೈ ಸ್ಕ್ಯಾನ್ ಅನ್ನೋ ಪದ್ಧತಿ ಇದೆ, ಅಂದ್ರೆ ಕೌಂಟರಲ್ಲಿ ಸ್ಕ್ಯಾನ್ ಆಗೋವರೆಗೂ ಆ ಗಿಡ ಬೆಳೆದವರದ್ದೇ ಆಸ್ತಿ, ಒಣಗಿದ್ರೆ ನಷ್ಟನೂ ಅವರದ್ದೇ. ಹಾಗಾಗಿ ಗಿಡದ ಬಗ್ಗೆ ನಿಜವಾಗಿ ಗೊತ್ತಿರೋದು ಇವರಿಗೆ. ಇದು ಯಾವಾಗ ಬಂತು, ಗ್ರೀನ್‌ಹೌಸ್ ಒಳಗಿಂದ ನೇರ ಬಂತಾ, ಹೊರಗಿನ ಗಾಳಿ ಬಿಸಿಲಿಗೆ ಒಗ್ಗಿದ್ಯಾ ಅಂತ ಅವರನ್ನ ಕೇಳಿ. ಒಗ್ಗಿರದೇ ಇದ್ರೆ ಮನೆಗೆ ತಂದ್ಮೇಲೆ ವಾರ, ಹತ್ತು ದಿನ ಸ್ವಲ್ಪ ಸ್ವಲ್ಪಾನೇ ಬಿಸಿಲು ತೋರಿಸ್ತಾ ಬರಬೇಕು.

ಟ್ಯಾಗ್ ಓದೋದು, ಅದ್ರಲ್ಲೂ ನಮ್ಮ ಹೂಗಳ ವಿಷಯ

ಟ್ಯಾಗಿನ ಮುಂದೆ ಇರೋ ಚಂದದ ಫೋಟೋ ಬಿಡಿ, ಹಿಂದೆ ತಿರುಗಿಸಿ. ಝೋನ್, ಬಿಸಿಲು, ಬೆಳೆದ್ಮೇಲೆ ಎತ್ತರ ಅಗಲ ಎಷ್ಟು, ಎರಡು ಗಿಡದ ಮಧ್ಯ ಎಷ್ಟು ಜಾಗ ಬೇಕು, ಇಷ್ಟು ಸಾಕು. ಆನ್ಯುಯಲ್ ಅಂದ್ರೆ ಆ ಒಂದು ಸೀಸನ್ ಮಾತ್ರ, ಪೆರೆನಿಯಲ್ ಅಂದ್ರೆ ವರ್ಷಾ ವರ್ಷಾ ಬರತ್ತೆ, ಆದ್ರೆ ಟ್ಯಾಗಲ್ಲಿರೋ ಝೋನ್ ಒಳಗೆ ನೀವಿದ್ರೆ ಮಾತ್ರ.

ಜಾಸ್ತಿ ದುಡ್ಡು ಪೋಲಾಗೋದು ಮಲ್ಲಿಗೆ ವಿಷಯದಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಸ್ಟೋರಲ್ಲಿ ಜಾಸ್ಮಿನ್ ಅಂತ ಬರೆದಿರೋದೆಲ್ಲಾ ನಮ್ಮ ಮಲ್ಲಿಗೆ ಅಲ್ಲ. ಸ್ಟಾರ್ ಜಾಸ್ಮಿನ್, ಅದನ್ನೇ ಕಾನ್ಫೆಡರೇಟ್ ಜಾಸ್ಮಿನ್ ಅಂತಲೂ ಮಾರ್ತಾರೆ, ಬೇಲಿಗೆ ಹಬ್ಬಿಸೋಕೆ ಒಳ್ಳೇ ಬಳ್ಳಿ, ಘಮ ಚೆನ್ನಾಗಿದೆ, ಆದ್ರೆ ಅದು ಮಲ್ಲಿಗೆ ಜಾತೀನೇ ಅಲ್ಲ, ಗಿರಗಟ್ಟಲೆ ಥರ ತಿರುಚಿಕೊಂಡ ಬಿಳಿ ಹೂವು, ಕಟ್ಟೋಕೆ ಮೊಗ್ಗು ಸಿಗಲ್ಲ. ಕ್ಯಾರೊಲೈನಾ ಜೆಸಮಿನ್ ಅಂತ ಹಳದಿ ಹೂವಿಂದು ಇನ್ನೊಂದಿದೆ, ಅದು ಇಡೀ ಗಿಡ ವಿಷ, ಮಕ್ಕಳಿರೋ ಮನೆಯವರು ಹುಷಾರು. ಫೆಬ್ರವರಿ ಮಾರ್ಚಲ್ಲಿ ತಂತಿ ಬಳೆಗೆ ಸುತ್ತಿಟ್ಟು ಮಾರೋ ಪಿಂಕ್ ಜಾಸ್ಮಿನ್ನೂ ಮುಡಿಯೋ ಮಲ್ಲಿಗೆ ಅಲ್ಲ. ನಿಮಗೆ ಬೇಕಾಗಿರೋದು ಅರೇಬಿಯನ್ ಜಾಸ್ಮಿನ್, ಟ್ಯಾಗಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಜಾಸ್ಮಿನಮ್ ಸಾಂಬಾಕ್ ಅಂತ ಇರಬೇಕು. ಅದ್ರಲ್ಲಿ ಮೇಡ್ ಆಫ್ ಓರ್ಲಿಯನ್ಸ್ ಅನ್ನೋದಕ್ಕೆ ಎಸಳು ಕಮ್ಮಿ, ಹೂವು ಜಾಸ್ತಿ, ಬೆಳೆಸೋದು ಸುಲಭ. ಗ್ರಾಂಡ್ ಡ್ಯೂಕ್ ಅನ್ನೋದು ಸುತ್ತು ಸುತ್ತು ಎಸಳಿಂದು, ದಪ್ಪ, ನಿಧಾನಕ್ಕೆ ಬೆಳೆಯತ್ತೆ. ಮೊದಲನೇ ಸಲ ಹಾಕೋರು ಮೇಡ್ ಆಫ್ ಓರ್ಲಿಯನ್ಸ್ ತಗೊಳ್ಳಿ. ಝೋನ್ 9ಕ್ಕಿಂತ ಕೆಳಗಿರೋರು ಇದನ್ನ ನೆಲಕ್ಕೆ ನೆಡ್ಬೇಡಿ, ಕುಂಡದಲ್ಲೇ ಇರಲಿ.

ದಾಸವಾಳಕ್ಕೂ ಹೀಗೇ. ಟ್ರಾಪಿಕಲ್ ಹೈಬಿಸ್ಕಸ್ ಅಂದ್ರೆ ನಮ್ಮ ದೇವರ ಪೂಜೆಯ ದಾಸವಾಳ, ಹೊಳೆಯೋ ಎಲೆ, ಚಳಿಗಾಲದಲ್ಲಿ ಮನೆಯೊಳಗೆ ಇಟ್ಕೋಬೇಕು. ಹಾರ್ಡಿ ಹೈಬಿಸ್ಕಸ್ ಅಂದ್ರೆ ಊಟದ ತಟ್ಟೆಯಷ್ಟು ಅಗಲದ ಹೂವು, ಚಳೀಲಿ ಪೂರ್ತಿ ಒಣಗಿ ಮತ್ತೆ ಬುಡದಿಂದ ಚಿಗುರತ್ತೆ. ರೋಸ್ ಆಫ್ ಶೆರಾನ್ ಕೂಡ ದಾಸವಾಳದ ಬಳಗಾನೇ, ಚಳಿ ತಡ್ಕೊಂಡು ಹೊರಗಡೇನೇ ದೊಡ್ಡ ಪೊದೆ ಆಗತ್ತೆ, ಪೂಜೆಗೆ ದಿನಾ ಹೂವು ಬೇಕು, ಕುಂಡ ಹೊತ್ತು ತಿರುಗೋಕೆ ಆಗಲ್ಲ ಅನ್ನೋರಿಗೆ ನನ್ನ ಮಟ್ಟಿಗೆ ಇದೇ ಬೆಸ್ಟ್.

ದೊಡ್ಡಪತ್ರೆ ಹುಡುಕೋರು ಹರ್ಬ್ಸ್ ಸಾಲಲ್ಲಿ ಕ್ಯೂಬನ್ ಒರೆಗಾನೊ ಅನ್ನೋ ಹೆಸರು ನೋಡಿ, ಎಲೆ ಉಜ್ಜಿ ಮೂಸಿದ್ರೆ ಗೊತ್ತಾಗೋಗತ್ತೆ. ತುಳಸಿಗೆ ಹೋಲಿ ಬೇಸಿಲ್ ಅಂತ ಇರಬೇಕು, ಬರೀ ಸ್ವೀಟ್ ಬೇಸಿಲ್ ಅಂದ್ರೆ ಅದು ಪಾಸ್ತಾಕ್ಕೆ ಹಾಕೋದು. ಕನಕಾಂಬರ ಕ್ರಾಸಾಂಡ್ರಾ ಅನ್ನೋ ಹೆಸರಲ್ಲಿ ಬೆಚ್ಚಗಿನ ರಾಜ್ಯಗಳ ಸ್ಟೋರಲ್ಲಿ ಆಗಾಗ ಕಾಣತ್ತೆ, ಕಂಡ್ರೆ ಬಿಡ್ಬೇಡಿ. ಓಲಿಯಾಂಡರ್ ಅಂದ್ರೆ ಕಣಗಿಲೆ, ಅದೂ ವಿಷ ಅನ್ನೋದು ಊರಲ್ಲಿ ಎಲ್ಲರಿಗೂ ಗೊತ್ತು, ಇಲ್ಲಿ ಹುಟ್ಟಿದ ಮಕ್ಕಳಿಗೆ ಗೊತ್ತಿರಲ್ಲ, ಹೇಳ್ಕೊಡಿ.

ಕರಿಬೇವು ಕೇಳ್ತೀರಿ ಅಂತ ಗೊತ್ತು. ಈ ಸ್ಟೋರ್‌ಗಳಲ್ಲಿ ಸಾಮಾನ್ಯವಾಗಿ ಇರಲ್ಲ. ಕರಿಬೇವು ನಿಂಬೆ ಕಿತ್ತಳೆ ಕುಟುಂಬದ ಗಿಡ, ಸಿಟ್ರಸ್ ಗ್ರೀನಿಂಗ್ ಅನ್ನೋ ರೋಗ ಹರಡೋ ಸಿಲಿಡ್ ಕೀಟ ಇದ್ರ ಚಿಗುರಲ್ಲಿ ಮೊಟ್ಟೆ ಇಡತ್ತೆ. ಆ ರೋಗ ಫ್ಲಾರಿಡಾದಲ್ಲಿ 2005ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಪತ್ತೆ ಆಯ್ತು, ಫ್ಲಾರಿಡಾದ ಕಿತ್ತಳೆ ತೋಟಗಳನ್ನ ಹಾಳು ಮಾಡಿದ್ದು ಅದೇ. ಅದಕ್ಕೆ ಕ್ವಾರಂಟೈನ್ ಏರಿಯಾದಿಂದ, ಅಂದ್ರೆ ಈ ರೋಗ ಇಲ್ಲಾ ಕೀಟ ಇದೆ ಅಂತ ಗುರುತಿಸಿರೋ ಜಾಗದಿಂದ, ಕರಿಬೇವಿನ ಗಿಡ ಹೊರಗೆ ಸಾಗಿಸೋಕೆ ನಿರ್ಬಂಧ ಇದೆ. ಅಲ್ಲಿರೋ ಅಕ್ಕನ ಮನೆಯಿಂದ ಒಂದು ಮರಿ ಕಾರಲ್ಲಿ ಇಟ್ಕೊಂಡು ಬರೋಣ ಅನ್ನೋ ಯೋಚನೆ ಬೇಡ. ನಿಮ್ಮ ರಾಜ್ಯಕ್ಕೆ ಕಳಿಸೋ ಪರ್ಮಿಷನ್ ಇರೋ ನರ್ಸರಿಯಿಂದಲೇ ತರಿಸ್ಕೊಳ್ಳಿ.

ಕೈಗೆತ್ಕೊಂಡು ನೋಡಿ

ಈ ಭಾಗಕ್ಕೆ ಪುರುಸೊತ್ತು ಮಾಡ್ಕೊಳ್ಳಿ, ಉಳಿದಿದ್ದೆಲ್ಲಾ ಬಿಟ್ರೂ ಪರವಾಗಿಲ್ಲ.

ಒಂದು ಬದನೆ ಸಸಿ ತಗೊಳ್ಳೋಣ. ಮೊದಲು ಕುಂಡ ಎತ್ತಿ ತೂಕ ನೋಡಿ. ಹಗುರ ಇದ್ರೆ ಒಣಗಿದೆ, ಒಂದ್ಸಲ ಒಣಗಿದ್ದು ತಪ್ಪಲ್ಲ, ಆದ್ರೆ ಮಣ್ಣು ಕುಂಡದ ಅಂಚು ಬಿಟ್ಟು ಒಳಗೆ ಸರಿದು ಸಂದು ಕಾಣಿಸ್ತಾ ಇದ್ರೆ ತುಂಬಾ ಸಲ ಹೀಗೇ ಆಗಿದೆ ಅಂತ ಅರ್ಥ. ಎಲೆ ಮಗುಚಿ ಕೆಳಭಾಗ ನೋಡಿ. ಬದನೆಗೆ ಜೇಡನುಸಿ, ಗಿಡಹೇನು, ಬಿಳಿ ನೊಣ ಮೂರೂ ಇಷ್ಟ. ಮೇಲಿಂದ ಎಲೆ ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಬಿಳಿ ಚುಕ್ಕೆ, ಕೆಳಗೆ ನವಿರಾದ ಬಲೆ ಇದ್ರೆ ಜೇಡನುಸಿ, ಆ ಗಿಡ ವಾಪಸ್ ಇಟ್ಟು ಆ ಟ್ರೇಯನ್ನೇ ಬಿಟ್ಬಿಡಿ. ಗಿಡ ಮೆಲ್ಲಗೆ ಅಲ್ಲಾಡಿಸಿದಾಗ ಬಿಳಿ ಧೂಳಿನ ಥರ ಹಾರಿ ಮತ್ತೆ ಕೂತ್ರೆ ಬಿಳಿ ನೊಣ. ಎಲೆ ಅಂಟಂಟು ಇದ್ರೆ ಗಿಡಹೇನು. ಕಾಂಡ ಗಿಡ್ಡ, ದಪ್ಪ ಇರಬೇಕು, ಉದ್ದಕ್ಕೆ ಬೆಳೆದು ಬಾಗಿರೋದು ಬೆಳಕು ಸಿಗದೆ ಚಾಚಿಕೊಂಡಿದ್ದು.

ಆಮೇಲೆ ಬೇರು. ಕಾಂಡದ ಬುಡವನ್ನ ಎರಡು ಬೆರಳ ಮಧ್ಯ ಹಿಡಿದು ಕುಂಡ ಬೋರಲು ಮಾಡಿ ಮೆಲ್ಲಗೆ ಹಿಸುಕಿದ್ರೆ ಮಣ್ಣಿನ ಮುದ್ದೆ ಈಚೆ ಜಾರತ್ತೆ. ಬೇರು ಬಿಳಿ ಅಥವಾ ತಿಳಿ ಕಂದು ಇದ್ದು, ಮಣ್ಣು ನಡುನಡುವೆ ಕಾಣ್ತಾ ಇದ್ರೆ ಒಳ್ಳೇ ಗಿಡ. ಬರೀ ಬೇರೇ ಸುತ್ತಿ ಸುತ್ತಿ ಕುಂಡದ ಆಕಾರಕ್ಕೆ ಗಟ್ಟಿ ಆಗಿದ್ರೆ ತರಕಾರಿ ಗಿಡದಲ್ಲಿ ಅದು ಬೇಡ. ಕಪ್ಪು ಮೆತ್ತಗೆ ಕೊಳೆತ ವಾಸನೆ ಇದ್ರೆ ಯಾವ ಗಿಡನೂ ಬೇಡ. ನೋಡಿದ್ಮೇಲೆ ಹಾಗೇ ಸರಿಯಾಗಿ ಒಳಗೆ ಕೂರಿಸಿಡಿ. ಹೀಗೆ ನೋಡೋಕೆ ಯಾರೂ ಬೇಡ ಅನ್ನಲ್ಲ, ಸಂಕೋಚ ಬೇಡ. ದೊಡ್ಡ 3 ಗ್ಯಾಲನ್ ಕುಂಡಗಳನ್ನ ಹೀಗೆ ಕೀಳೋಕೆ ಆಗಲ್ಲ, ಕೆಳಗಿನ ತೂತಲ್ಲಿ ಬೇರು ಹಗ್ಗದ ಥರ ಈಚೆ ಬಂದಿದ್ಯಾ ನೋಡಿದ್ರೆ ಸಾಕು.

ಹೂವು, ಕಾಯಿ ತುಂಬಿರೋ ಸಣ್ಣ ಸಸಿ ಕಂಡ್ರೆ ಆಸೆ ಆಗತ್ತೆ ನಿಜ. ಆದ್ರೆ ಅಂಗೈಯಗಲದ ಕುಂಡದಲ್ಲಿ ಮೆಣಸಿನಕಾಯಿ ಬಿಟ್ಟಿರೋ ಗಿಡ ತನ್ನ ಶಕ್ತಿಯೆಲ್ಲಾ ಕಾಯಿಗೆ ಸುರಿದಿರತ್ತೆ, ನೆಟ್ಟ ಮೇಲೆ ಬೇರು ಬಿಡೋಕೆ ಒದ್ದಾಡತ್ತೆ. ಪಕ್ಕದಲ್ಲಿರೋ ಹೂವಿಲ್ಲದ ಗಟ್ಟಿ ಸಸೀನ ತಗೊಳ್ಳಿ, ಜುಲೈ ಹೊತ್ತಿಗೆ ಅದೇ ಮುಂದೆ ಇರತ್ತೆ. ಹೂವಿನ ಪೆರೆನಿಯಲ್‌ಗಳಿಗೂ ಅಷ್ಟೇ, ಅರಳಿದ್ದು ಬೇಡ, ಮೊಗ್ಗು ಇರೋದು ನೋಡಿ.

ಟೊಮ್ಯಾಟೊ ಟ್ಯಾಗಲ್ಲಿ ಹೆಸರಿನ ಮುಂದೆ ವಿ, ಎಫ್, ಎನ್ ಅಂತ ಅಕ್ಷರ ಇರತ್ತೆ. ಮೊದಲೆರಡು ಗಿಡ ಬಾಡಿಸೋ ಶಿಲೀಂಧ್ರ ರೋಗಗಳು, ಮೂರನೇದು ಬೇರಿನ ಜಂತುಹುಳ, ಇವನ್ನ ತಡ್ಕೊಳ್ಳೋ ಶಕ್ತಿ ಇದೆ ಅಂತ ಅರ್ಥ. ಬೆಟರ್ ಬಾಯ್ ಆ ಥರದ್ದು. ಡಿಟರ್ಮಿನೇಟ್ ಅಂತಿದ್ರೆ ಗಿಡ್ಡ ಗಿಡ, ಕಾಯಿ ಹೆಚ್ಚುಕಮ್ಮಿ ಒಟ್ಟಿಗೆ ಬರತ್ತೆ, ಕುಂಡಕ್ಕೆ ಸರಿ, ರೋಮಾ ಇದೇ ಜಾತಿ, ನಮ್ಮ ಸಾರು ಗೊಜ್ಜಿಗೆ ಚೆನ್ನಾಗಿರತ್ತೆ. ಇನ್‌ಡಿಟರ್ಮಿನೇಟ್ ಅಂದ್ರೆ ಫ್ರಾಸ್ಟ್ ಬರೋವರೆಗೂ ಬೆಳೀತಾನೇ ಇರತ್ತೆ, ಗಟ್ಟಿ ಆಸರೆ ಬೇಕು. ಎಲೆ ಮೇಲೆ ನೀರಲ್ಲಿ ನೆಂದ ಹಾಗೆ ಕಪ್ಪು ಕಂದು ಮಚ್ಚೆ, ಕಾಂಡದ ಮೇಲೂ ಕಂದು ಪಟ್ಟೆ ಇದ್ರೆ ಅದು ಲೇಟ್ ಬ್ಲೈಟ್ ರೋಗ ಇರಬಹುದು, ಮುಟ್ಲೇಬೇಡಿ, ಅಲ್ಲಿನವರಿಗೂ ತೋರಿಸಿ. 2009ರಲ್ಲಿ ಅಮೆರಿಕದ ಈಶಾನ್ಯದ ರಾಜ್ಯಗಳಲ್ಲಿ ಈ ರೋಗ ಅಷ್ಟು ಬೇಗ ಹರಡೋಕೆ ಒಂದು ಕಾರಣ ದೊಡ್ಡ ಸ್ಟೋರ್‌ಗಳಲ್ಲಿ ಮಾರಾಟ ಆದ ಟೊಮ್ಯಾಟೊ ಸಸಿಗಳೇ, ಮನೆ ಹಿತ್ತಲಿಂದ ರೈತರ ಹೊಲಕ್ಕೂ ಹೋಗಿತ್ತು. ನಾವು ತರೋ ಒಂದು ಸಸಿ ನಮ್ಮ ಮನೆ ವಿಷಯ ಮಾತ್ರ ಅಲ್ಲ.

ಜೇನುಹುಳಕ್ಕೆ ಅಂತ ಹೂಗಿಡ ಹಾಕೋರು ನಿಯೋನಿಕೋಟಿನಾಯ್ಡ್ ಅನ್ನೋ ಪದ ಟ್ಯಾಗಲ್ಲಿದ್ಯಾ ನೋಡಿ. ಆ ಕೀಟನಾಶಕ ಹಾಕಿದ ಗಿಡಕ್ಕೆ ಲೇಬಲ್ ಹಾಕ್ಲೇಬೇಕು ಅಂತ ಹೋಮ್ ಡಿಪೋ 2014ರಲ್ಲೇ ಬೆಳೆಗಾರರಿಗೆ ಹೇಳಿತ್ತು, ಆಮೇಲೆ ಎರಡೂ ಸ್ಟೋರಿನವರು ಕಮ್ಮಿ ಮಾಡ್ತಾ ಬಂದಿದಾರೆ.

ಒಳಾಂಗಣ ಗಿಡಗಳ ಕಡೆ ಹೋದ್ರೆ ಎರಡೇ ಮಾತು: ಮೇಲೆ ಕಲ್ಲು ಅಂಟಿಸಿರೋ ಕುಂಡ ಬೇಡ, ನೀರು ಇಳಿಯಲ್ಲ. ಕಳ್ಳಿ ಗಿಡದ ನೆತ್ತಿ ಮೇಲೆ ಕಾಗದದಂಥ ಬಣ್ಣದ ಹೂವಿದ್ರೆ ಅದು ಅಂಟಿಸಿದ್ದು.

ತಗೊಳ್ಳಲೇಬೇಡಿ ಅನ್ನೋವು

ಕೊತ್ತಂಬರಿ ಸಸಿ. ಬಿಸಿಲು ಏರಿದ ತಕ್ಷಣ ಹೂವಿಗೆ ಹೋಗ್ಬಿಡತ್ತೆ, ಬೇರು ಕದಲಿಸಿದ್ರೂ ಮುನಿಸಿಕೊಳ್ಳತ್ತೆ. ಅಡುಗೆಮನೆ ಡಬ್ಬಿಯ ಧನಿಯಾ ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಉದುರಿಸಿ, ಹಳೇದಲ್ದಿದ್ರೆ ಬರತ್ತೆ. ಮೆಂತ್ಯಕ್ಕಂತೂ ಡಬ್ಬಿಯ ಕಾಳೇ ಸಾಕು. ಹುರುಳಿಕಾಯಿ, ಸೌತೆ, ಹೀರೆ, ಸೋರೆ ಇವೆಲ್ಲಾ ಬೀಜದಿಂದಲೇ ಚೆನ್ನಾಗಿ ಬರೋವು.

ಮಣ್ಣಿನ ಲೆಕ್ಕ

ಕುಂಡಕ್ಕೆ ಪಾಟಿಂಗ್ ಮಿಕ್ಸ್, ನೆಲಕ್ಕೆ ಗಾರ್ಡನ್ ಸಾಯಿಲ್. ಅಗ್ಗ ಅಂತ ಗಾರ್ಡನ್ ಸಾಯಿಲನ್ನ ಕುಂಡಕ್ಕೆ ತುಂಬಿದ್ರೆ ಗಟ್ಟಿಯಾಗಿ ಬೇರಿಗೆ ಗಾಳಿ ಆಡಲ್ಲ. ಬ್ಯಾಗ್ ಮೇಲೆ ಕ್ಯೂಬಿಕ್ ಫೀಟ್ ಲೆಕ್ಕ ಇರತ್ತೆ, 1.5ರ ಒಂದು ಬ್ಯಾಗ್ 10 ಗ್ಯಾಲನ್ ಕುಂಡಕ್ಕೆ ಸರಿಯಾಗತ್ತೆ. 4 ಅಡಿ ಅಗಲ 8 ಅಡಿ ಉದ್ದದ ರೈಸ್ಡ್ ಬೆಡ್‌ಗೆ 10 ಇಂಚು ತುಂಬೋಕೆ ಸುಮಾರು 27 ಕ್ಯೂಬಿಕ್ ಫೀಟ್ ಬೇಕು, ಅಂದ್ರೆ ಅಂಥಾ 18 ಬ್ಯಾಗ್. ಅಷ್ಟು ಬೇಕಾದ್ರೆ ಸ್ಟೋರ್ ಬಿಡಿ, ಲ್ಯಾಂಡ್‌ಸ್ಕೇಪ್ ಅಂಗಡಿಯಿಂದ ಒಂದು ಕ್ಯೂಬಿಕ್ ಯಾರ್ಡ್, ಅಂದ್ರೆ ಅದೇ 27 ಕ್ಯೂಬಿಕ್ ಫೀಟ್, ಲೂಸ್ ಮಣ್ಣು ಹಾಕಿಸ್ಕೊಳ್ಳಿ.

ಬಿಲ್ಲಿಂದ ಮನೆವರೆಗೆ

ಗಿಡಗಳನ್ನ ಕೊನೇಲಿ ಆರಿಸಿ, ಮಣ್ಣು ಗೊಬ್ಬರ ಮೊದಲು ಲೋಡ್ ಮಾಡಿ. ಕಾರಲ್ಲಿ ಹಳೇ ಹೊದಿಕೆ ಮತ್ತೆ ಎರಡು ರಟ್ಟಿನ ಡಬ್ಬ ಇಟ್ಟಿರಿ, ಕುಂಡ ಉರುಳಲ್ಲ. ಗಿಡ ತಗೊಂಡ್ಮೇಲೆ ಸೀದಾ ಮನೆಗೆ ಬನ್ನಿ, ದಾರೀಲಿ ದಿನಸಿ ಅಂಗಡಿ, ಊಟ ಅಂತ ನಿಂತ್ರೆ ಮುಚ್ಚಿದ ಕಾರಿನ ಕಾವಿಗೆ ಎಳೇ ಎಲೆ ಬೆಂದೋಗತ್ತೆ. ಪಿಕಪ್ ಟ್ರಕ್ಕಲ್ಲಿ ತರೋದಾದ್ರೆ ಮೇಲೆ ಟಾರ್ಪಾಲ್ ಹೊದಿಸಿ, ಹೈವೇ ಗಾಳಿ ಎಲೆ ಹರಿದು ಒಣಗಿಸ್ಬಿಡತ್ತೆ.

ಮನೆಗೆ ಬಂದ ತಕ್ಷಣ ನೀರು, ನೆರಳು. ಹಳೇ ಗಿಡಗಳ ಪಕ್ಕ ತಕ್ಷಣ ಇಡ್ಬೇಡಿ, ಒಂದೆರಡು ವಾರ ದೂರ ಇಟ್ಟು ಹುಳ ಏನಾದ್ರೂ ಏಳತ್ತಾ ನೋಡಿ. ಸಂಜೆ ಹೊತ್ತು, ಮೋಡ ಇರೋ ದಿನ ನೆಡಿ. ಟೊಮ್ಯಾಟೊನ ಕೆಳಗಿನ ಎಲೆ ಚಿವುಟಿ ಕಾಂಡ ಆಳವಾಗಿ ಹೂಳಿ, ಹೂತ ಕಾಂಡದಿಂದಲೂ ಬೇರು ಬರತ್ತೆ. ಬೇರೆ ಗಿಡಗಳನ್ನ ಮೊದಲಿದ್ದ ಮಟ್ಟಕ್ಕೇ ನೆಡಿ. ನಾರಿನ ಕುಂಡ ಸಮೇತ ನೆಡಬಹುದು ಅಂತ ಬರೆದಿದ್ರೂ ಮೇಲಿನ ಅಂಚು ಹರಿದು ತೆಗೀರಿ, ಅದು ಮಣ್ಣಿಂದ ಈಚೆ ಇದ್ರೆ ಒಳಗಿನ ನೀರೆಲ್ಲಾ ಎಳೆದು ಒಣಗಿಸತ್ತೆ.

ಬಿಲ್ ಫೋಟೋ ತೆಗೆದಿಡಿ, ಟ್ಯಾಗ್ ಎಸೀಬೇಡಿ. ಮರ, ಪೊದೆ, ಪೆರೆನಿಯಲ್‌ಗಳಿಗೆ ಎರಡೂ ಸ್ಟೋರಲ್ಲಿ ಒಂದು ವರ್ಷದ ಗ್ಯಾರಂಟಿ ಇದೆ, ಸತ್ತ ಗಿಡ ಮತ್ತೆ ರಸೀತಿ ಎರಡೂ ತಗೊಂಡು ಹೋಗಿ. ಆನ್ಯುಯಲ್ ಮತ್ತೆ ತರಕಾರಿ ಸಸಿಗೆ ನಿಯಮ ಬೇರೆ, ಕೌಂಟರಲ್ಲೇ ಕೇಳ್ಕೊಳ್ಳಿ.

ಕ್ಲಿಯರೆನ್ಸ್ ಕಪಾಟಲ್ಲಿ ಹೂ ಮುಗಿದು ಸೊರಗಿರೋ ಪೆರೆನಿಯಲ್ ಸಿಕ್ರೆ, ಬೇರು ಗಟ್ಟಿ ಇದ್ರೆ, ಧೈರ್ಯವಾಗಿ ತಗೊಳ್ಳಿ, ಮುಂದಿನ ವರ್ಷಕ್ಕೆ ಅದು ಹೊಸ ಗಿಡಾನೇ. ಬೇರು ಸುತ್ತಿಕೊಂಡಿದ್ರೆ ನೆಡೋವಾಗ ಬದಿಗಳನ್ನ ಚಾಕುವಲ್ಲಿ ಗೀರಿ ಬಿಡಿಸಿ. ಆನ್ಯುಯಲ್ ಅರ್ಧ ರೇಟಿಗೆ ಕೊಟ್ರೂ ಆಗಸ್ಟಲ್ಲಿ ಬೇಡ. ಮರ, ಪೊದೆ ಹಾಕ್ಬೇಕು ಅನ್ನೋರು ವಸಂತದ ಗಲಾಟೆ ಬಿಟ್ಟು ಸೆಪ್ಟೆಂಬರಲ್ಲಿ ಹೋಗಿ, ರೇಟು ಇಳಿದಿರತ್ತೆ, ಮಣ್ಣು ಇನ್ನೂ ಬೆಚ್ಚಗಿರತ್ತೆ, ಬೇರು ಬಿಡೋಕೆ ಒಳ್ಳೇ ಕಾಲ. ಅದೇ ಹೊತ್ತಿಗೆ ರಾತ್ರಿ 50 ಡಿಗ್ರಿ ಕೆಳಗೆ ಇಳಿಯೋ ಮುಂಚೆ ಮಲ್ಲಿಗೆ, ದಾಸವಾಳ, ದೊಡ್ಡಪತ್ರೆ ಕುಂಡಗಳನ್ನ ಎಲೆಯ ಎರಡೂ ಬದಿ ನೀರಲ್ಲಿ ಚೆನ್ನಾಗಿ ತೊಳೆದು ಒಳಗೆ ತಂದು, ದಕ್ಷಿಣದ ಕಿಟಕಿ ಹತ್ರ ಇಡಿ.